ನಡುಹೊಳೆಯಲ್ಲಿ ‘ಬಾ’

ಆ ದಿನ ಗಾಳಿ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಹಿಂದೆ ಎರಡು ಸಲ ಇದನ್ನು ಬರೆಯಲು ಕುಳಿತಾಗ ಒಮ್ಮೆ ಗಾಳಿಯನ್ನು ಸೇರಿಸಿದ್ದೆ, ಒಮ್ಮೆ ಹೊಡೆದುಹಾಕಿದ್ದೆ. ಗಾಳಿ ಇತ್ತೆಂದರೆ ಕೂಗು ಸರಿಯಾಗಿ ಕೇಳಿಸಲಿಲ್ಲ ಎನ್ನಬಹುದು. ಆಗ ಯಾರದೂ ತಪ್ಪಿಲ್ಲ. ಆ ಅನುಕೂಲವೇ ನನಗೆ ಅನುಮಾನ ತರುತ್ತದೆ. ಕೂಗು ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತೆಂದು ದೋಣಿಯ ಚಾಚಾ ಆಮೇಲೆ ತಾವೇ ಹೇಳಿದರು.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆದುಬಿಡುತ್ತೇನೆ. ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಹತ್ತೊಂಬತ್ತು. ಕಾಶಿಯ ಬಂಗಾಲಿ ಟೋಲಾದಲ್ಲಿ, ಕೇದಾರ ಘಾಟಿನ ಕಡೆ ಇಳಿಯುವ ಗಲ್ಲಿಯೊಂದರಲ್ಲಿ ನಮ್ಮ ಮನೆ. ಕರ್ನಾಟಕದ ಮಠವೊಂದಕ್ಕೆ ಸೇರಿದ ಯಾತ್ರಿಕರ ವಸತಿಯನ್ನು ಅಪ್ಪ ನೋಡಿಕೊಳ್ಳುತ್ತಿದ್ದರು. ಕೆಳಗೆ ಯಾತ್ರಿಕರು, ಮೇಲೆ ನಾವು. ಬಿಜಾಪುರ, ರಾಯಚೂರಿನ ಕಡೆಯಿಂದ ಹಿರಿಯರ ಕಾರ್ಯಕ್ಕೆಂದು ಬಂದವರು ಮೂರು ದಿನ ಇದ್ದು, ಅತ್ತು, ವಿಶ್ವನಾಥ ಗಲ್ಲಿಯಲ್ಲಿ ಬಳೆ ಕುಂಕುಮ ಕೊಂಡು ಹೋಗುತ್ತಿದ್ದರು. ಅವರ ಕನ್ನಡ ಕೇಳಿದರೆ ನನಗೆ ಒಳಗೊಳಗೇ ನಾಚಿಕೆ. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಅವಳು ಘಾಟಿನ ಮೇಲಿನ ಮೆಟ್ಟಿಲಲ್ಲಿ ನಿಂತು “ಬಾರೋ, ಊಟಕ್ಕ ಬಾ” ಎಂದು ಕೂಗಿದರೆ, ಕೇಳಿಸದವನ ಹಾಗೆ ಮುಳುಗು ಹಾಕುತ್ತಿದ್ದೆ.

ನನಗಿದ್ದದ್ದು ಈಜು. ಮಳೆಗಾಲದ ನೆರೆ ಇಳಿದ ಮೇಲೆ, ದಸರೆಗೂ ದೀಪಾವಳಿಗೂ ನಡುವೆ, ಹೊಳೆ ದಾಟುವ ಪಂದ್ಯ ನಡೆಯುತ್ತಿತ್ತು. ಆಚೆ ದಡದ ಮರಳು ಮುಟ್ಟಿ ತಿರುಗಿ ಬರಬೇಕು. ಹಿಂದಿನ ವರ್ಷ ನಾನು ಎರಡನೆಯವನಾಗಿ ಬಂದಿದ್ದೆ. ಈ ವರ್ಷ ಮೊದಲಿಗನಾಗುತ್ತೇನೆ ಎಂದು ಘಾಟಿನಲ್ಲಿ ಎಲ್ಲರೂ ಹೇಳುತ್ತಿದ್ದರೆಂದು ನನ್ನ ನೆನಪು. ಎಲ್ಲರೂ ಎಂದರೆ ಬಹುಶಃ ಇಬ್ಬರು. ಅವರಲ್ಲಿ ಒಬ್ಬರು ಚಾಚಾ.

ಚಾಚಾ ದೋಣಿಯವರು. ಏಳು ವರ್ಷದವನಾಗಿದ್ದಾಗ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ದೋಣಿಯಿಂದ ನೀರಿಗೆ ತಳ್ಳಿ ಈಜು ಕಲಿಸಿದವರು. ನಾನು ಅಭ್ಯಾಸಕ್ಕೆ ಇಳಿದ ಬೆಳಗುಗಳಲ್ಲೆಲ್ಲ ಹಿಂದಿನಿಂದ ದೋಣಿ ಹುಟ್ಟುಹಾಕಿಕೊಂಡು ಬರುವವರು ಅವರೇ. ಊರು ಬಲಿಯಾ ಕಡೆ. ಇದು ಮುಖ್ಯ. ಬನಾರಸಿನವರು ‘ಇದೆ’ ಎನ್ನುವುದಕ್ಕೆ ‘ಹೌ’ ಎನ್ನುತ್ತಾರೆ, ಬಲಿಯಾದವರು ‘ಬಾ’ ಎನ್ನುತ್ತಾರೆ. ಚೆನ್ನಾಗಿದ್ದೀಯಾ ಎಂದು ಕೇಳಲು ಇಲ್ಲಿಯವರು ‘ಠೀಕ್ ಹೌ?’ ಎಂದರೆ ಚಾಚಾ ‘ಠೀಕ್ ಬಾ?’ ಎನ್ನುತ್ತಿದ್ದರು. ನಲವತ್ತು ವರ್ಷ ಈ ಘಾಟಿನಲ್ಲಿದ್ದೂ ಅವರು ಅದನ್ನು ಬಿಟ್ಟಿರಲಿಲ್ಲ.

ಅವ್ವನಿಗೆ ಇದೆಲ್ಲ ತಮಾಷೆ. “ಈ ಊರಾಗ ಎಲ್ಲಾರೂ ಹೌ ಹೌ ಅಂತಾರ. ‘ದು’ ಅನ್ನೂದನ್ನ ಪಾನಿನ ಜೋಡಿ ನುಂಗಿಬಿಟ್ಟಾರ” ಎನ್ನುತ್ತಿದ್ದಳು. ಯಾತ್ರಿಕರಿಗೆ ದೋಣಿ ಇದೆಯೇ ಎಂದು ಅಪ್ಪ ಕೇಳಿದಾಗ ಚಾಚಾ ಕೆಳಗಿನಿಂದ ‘ನಾವ್ ಬಾ’ ಎಂದು ಕೂಗುವರು. ದೋಣಿ ಇದೆ ಎಂದರ್ಥ. ಅವ್ವ ಸೆರಗು ಬಾಯಿಗೆ ಹಿಡಿದು ನಗುವಳು. “ನಾವ್ ಬಾ ಅಂತಾನ ನೋಡು. ನಾವು ಬರಬೇಕೋ, ಅಂವ ಬರ್ತಾನೋ, ಒಂದೂ ತಿಳೀವಲ್ದು.”

ನಾವೆಲ್ಲ ನಗುತ್ತಿದ್ದ ಮಾತೇ ಅದು.

ಪಂದ್ಯಕ್ಕೆ ಇನ್ನು ಕೆಲವೇ ದಿನ ಇತ್ತು. ಆ ಬೆಳಿಗ್ಗೆ ಅಭ್ಯಾಸಕ್ಕೆ ಇಳಿದು ನಡುಹೊಳೆ ತಲುಪಿದ್ದೆ. ಬಲಗೈ ಮುಂದೆ ಚಾಚಿ ನೀರು ಹಿಡಿದಾಗ ಭುಜ ಕಳಚಿತು. ಕೀಲು ತನ್ನ ಜಾಗ ಬಿಟ್ಟು ಮುಂದಕ್ಕೆ ಜಾರಿದ ಸದ್ದು ನೀರಿನೊಳಗಿನಿಂದ ನನ್ನ ಕಿವಿಗೆ ಬಂತು. ಹೇಗೋ ಅಂಗಾತ ತಿರುಗಿದೆ. ಕೈ ನನ್ನದಲ್ಲದ ಹಾಗೆ ಪಕ್ಕದಲ್ಲಿ ತೇಲುತ್ತಿತ್ತು. ದೋಣಿ ಸ್ವಲ್ಪ ದೂರದಲ್ಲಿತ್ತು. ಚಾಚಾ ಎಂದಿನಂತೆ ಮಗೂ ಎಂದು ಕರೆದು ಕೇಳಿದರು: “ಬಬುವಾ, ಠೀಕ್ ಬಾ?”

ನಾನು “ಬಾ! ಬಾ!” ಎಂದು ಕೂಗಿದೆ.

ಅವರ ಮಾತು ನನಗೆ ಅವರಷ್ಟೇ ಚೆನ್ನಾಗಿ ಬರುತ್ತಿತ್ತು. ಕರೆಯಲು ಅವರ ‘ಆವ’ ಎಂದಿದ್ದರೆ ಸಾಕಿತ್ತು, ಹಿಂದಿಯಲ್ಲಿ ‘ಆವೋ’ ಎಂದಿದ್ದರೂ ಆಗುತ್ತಿತ್ತು. ಹತ್ತು ವರ್ಷದಿಂದ ನನ್ನ ಬಾಯಿಗೆ ಬಾರದಿದ್ದ ಕನ್ನಡ, ಕೇಳಿಸದವನ ಹಾಗೆ ನಾನು ಮುಳುಗಿ ತಪ್ಪಿಸಿಕೊಳ್ಳುತ್ತಿದ್ದ ಅವ್ವನ ಅದೇ ಪದ, ಆಗ ಬಂತು. ಚಾಚಾ ಕೇಳಿದ್ದಕ್ಕೆ ಉತ್ತರ ಸಿಕ್ಕಿತು: ಇದೆ, ಇದೆ, ಎಲ್ಲ ಚೆನ್ನಾಗಿದೆ. ಅವರು ಹುಟ್ಟುಗಳನ್ನು ಒಳಗಿಟ್ಟು ಬೀಡಿ ಹಚ್ಚಿದರು.

ಎಷ್ಟು ಹೊತ್ತು? ಎರಡು ದಮ್ಮು ಎಳೆದಿದ್ದೆ ಅಷ್ಟೇ ಎಂದರು ಚಾಚಾ. ಅವ್ವ ಮುಂದೆ ಯಾತ್ರಿಕರಿಗೆ ಹೇಳುವಾಗ ಅದು ಅರ್ಧ ಗಂಟೆಯಾಗಿತ್ತು. ನಾನು ಕಾಲೇಜಿನ ಗೆಳೆಯರಿಗೆ ಒಮ್ಮೊಮ್ಮೆ ಒಂದೊಂದು ಹೇಳಿದೆ. ನನ್ನ ನೆನಪಿನಲ್ಲಿರುವುದು ಬೀಡಿಯ ಕಿಡಿ ಮಾತ್ರ, ಆದರೆ ಬೆಳಗಿನ ಬಿಸಿಲಿನಲ್ಲಿ ಅಷ್ಟು ದೂರದ ಬೀಡಿಯ ಕಿಡಿ ಕಾಣಿಸುವುದಿಲ್ಲ. ಹಾಗಾದರೆ ಅದನ್ನೂ ನಾನೇ ಆಮೇಲೆ ಹಚ್ಚಿರಬೇಕು.

ಒಂದೇ ಕೈ ಆಡುತ್ತಿರುವುದನ್ನು ಕಂಡು ಅವರು ಬಂದರು. ಎಡಗೈ ಹಿಡಿದು ಎಳೆದುಕೊಂಡರು. ಪಕ್ಕದ ಗರಡಿಯ ಉಸ್ತಾದ್ ನನ್ನ ಕಂಕುಳಿಗೆ ಕಾಲು ಕೊಟ್ಟು ಕೀಲು ಕೂರಿಸಿದರು. ಮೆಟ್ಟಿಲ ಮೇಲೆ ಜನ ಸೇರಿದ್ದಾಗ ಚಾಚಾ ನನ್ನನ್ನು ಬೈದರು. ಸಾಯುತ್ತಿದ್ದರೂ ಚೆನ್ನಾಗಿದ್ದೇನೆ ಎನ್ನುತ್ತೀಯಾ, ಅಷ್ಟು ಜಂಬವೇ, ಎಂದು. ಆ ಹೊತ್ತಿಗೆ ನನಗೆ ಆದದ್ದೇನು ಎಂದು ತಿಳಿದಿತ್ತು. ಹೇಳಲಿಲ್ಲ. ಜಂಬದವನು ಎನಿಸಿಕೊಳ್ಳುವುದು ಆ ವಯಸ್ಸಿಗೆ ಒಪ್ಪುವಂಥದ್ದು. ಹೆದರಿ ಅವ್ವನ ಮಾತಿನಲ್ಲಿ ಕರೆದೆ ಎನ್ನುವುದು ಒಪ್ಪುವಂಥದ್ದಲ್ಲ.

ಭುಜ ಒಮ್ಮೆ ದಾರಿ ಕಂಡುಕೊಂಡಿತ್ತು. ಮತ್ತೆರಡು ಸಲ ಕಳಚಿತು. ಅಟ್ಟದ ಮೇಲಿನ ಹಾಸಿಗೆ ಸುರುಳಿ ಇಳಿಸುವಾಗ ಒಮ್ಮೆ, ಅಂಗಿಯ ತೋಳಿನಲ್ಲಿ ಕೈ ತೂರಿಸುವಾಗ ಇನ್ನೊಮ್ಮೆ. ಆಗ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿದ್ದ ಮೈಸೂರು ಕಡೆಯ ಡಾಕ್ಟರು ಕತ್ತರಿಸಿ ಹೊಲಿಯುವುದೇ ಸರಿ ಎಂದರು. ಅವರು ಕನ್ನಡ ಮಾತಾಡಲಿಕ್ಕೆಂದೇ ತಿಂಗಳಿಗೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವರು. ಅವ್ವನ ಜೋಳದ ರೊಟ್ಟಿಯನ್ನು ಎತ್ತಿ ಹಿಡಿದು, ಊಟ ಬಡಿಸಿ ಎಂದರೆ ತಟ್ಟೆಯನ್ನೇ ತಿನ್ನಲು ಕೊಡುತ್ತೀರಲ್ಲ ಎಂದು ಕೀಟಲೆ ಮಾಡುವರು. ಮುದ್ದೆ ನುಂಗುವವರು ಹಲ್ಲಿಗೂ ಒಂದಿಷ್ಟು ಕೆಲಸ ಕೊಡಿ ಎಂದು ಅವ್ವ ಹೇಳುವಳು.

ಶಸ್ತ್ರಚಿಕಿತ್ಸೆಯ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ನಾನು ಅಲ್ಲಿರಲಿಲ್ಲ. ಎಚ್ಚರವಾದಾಗ ಬಲಗೈ ಎದೆಗೆ ಬಿಗಿದು ಕಟ್ಟಿತ್ತು. ಆರು ವಾರ ಹಾಗೆಯೇ. ಯಾರಿಗೋ ಆಣೆ ಮಾಡುತ್ತಿರುವವನ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡು ಗಲ್ಲಿಯಲ್ಲಿ ಓಡಾಡುತ್ತಿದ್ದೆ.

ಚಾಚಾ ದಿನವೂ ಬರುತ್ತಿದ್ದರು. ಹೊಸ್ತಿಲ ಹೊರಗೆ ಕೂತು, “ಠೀಕ್ ಬಾ?” ಎಂದು ಕೇಳಿ, ಅವ್ವ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಒಂದು ದಿನ ಮತ್ತೆ ನನ್ನ ಜಂಬದ ಮಾತು ತೆಗೆದರು. ಅವ್ವನಿಗೆ ತಡೆಯಲಾಗಲಿಲ್ಲ. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಮೆಟ್ಟಿಲ ಮೇಲಿನವರು ಹೇಳಿದ್ದನ್ನು ಕೇಳಿಯೇ ಅವಳಿಗೆ ಗೊತ್ತಾಗಿತ್ತಂತೆ. ತನ್ನ ಮುರುಕು ಹಿಂದಿಯಲ್ಲಿ, ಜಂಬವಲ್ಲ, ನಮ್ಮ ಮಾತಿನಲ್ಲಿ ‘ಬಾ’ ಅಂದರೆ ‘ಆವೋ’, ಅವನು ನಿನ್ನನ್ನು ಕರೆದ ಎಂದಳು.

ಚಾಚಾ ಚಹಾದ ಲೋಟ ಕೆಳಗಿಟ್ಟರು. ಇನ್ನೊಂದು ಸಲ ಹೇಳು ಎಂದರು. ಅವ್ವ ಇನ್ನೊಂದು ಸಲ ಹೇಳಿದಳು. ಅವರು ನನ್ನ ಕಡೆ ನೋಡಿದರು. ಹೌದೋ ಅಲ್ಲವೋ ಎಂದು ಕೇಳಲಿಲ್ಲ, ನನ್ನ ಮುಖವೇ ಹೇಳಿರಬೇಕು. ಚಹಾ ಪೂರ್ತಿ ಕುಡಿಯದೆ ಎದ್ದು ಹೋದರು. ಅಷ್ಟು ದಿನ ನಾನು ಹೊತ್ತಿದ್ದ ಸಣ್ಣ ನಾಚಿಕೆಯೊಂದು ಅಂದು ಅವರ ಪಾಲಿಗೆ ಎರಡು ದಮ್ಮಿನ ಪಾಪವಾಯಿತು.

ಮರುದಿನ ಬಂದು ಅವರು ಕೇಳಿದ್ದು, “ಠೀಕ್ ಹೌ?”

ಬೀಡಿ ಬಿಡಲಿಲ್ಲ. ‘ಬಾ’ ಬಿಟ್ಟರು. ನನ್ನ ಎದುರಿಗಂತೂ ಬಿಟ್ಟರು. ಅರವತ್ತು ದಾಟಿದ ಮನುಷ್ಯ ಬನಾರಸಿನವರ ‘ಹೌ’ ಅನ್ನು ತಡವರಿಸಿ, ತಪ್ಪು ಜಾಗದಲ್ಲಿ ಹಾಕಿ, ಮಾತಾಡುವುದನ್ನು ಕೇಳಲು ನನಗೆ ಕಷ್ಟವಾಗುತ್ತಿತ್ತು. ಬೇಡ ಎನ್ನಬಹುದಿತ್ತು. ಅದನ್ನೂ ನಾನು ಹೇಳಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ವ್ಯಾಯಾಮ ಶುರುವಾಯಿತು. ಬಾಗಿ ನಿಂತು, ನೀರು ತುಂಬಿದ ಲೋಟಾ ಹಿಡಿದು, ಕೈಯನ್ನು ಲೋಲಕದ ಹಾಗೆ ತೂಗಬೇಕು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲೆ ಹತ್ತಿಸಬೇಕು. ಕೆಳಗಿನ ಖಾಲಿ ಕೋಣೆಯ ಗೋಡೆಯ ಮೇಲೆ ದಿನ ದಿನವೂ ಬೆರಳು ತಲುಪಿದಲ್ಲಿಗೆ ಅವ್ವ ಪೆನ್ಸಿಲಿನಿಂದ ಗೆರೆ ಹಾಕುತ್ತಿದ್ದಳು. ಮುಂದೆ ಆ ಕೋಣೆಯಲ್ಲಿ ಇಳಿದುಕೊಂಡ ಬಾಗಲಕೋಟೆಯ ಮುದುಕಿಯೊಬ್ಬಳು ಗೆರೆಗಳನ್ನು ನೋಡಿ, ಈ ಮನೆಯ ಕೂಸು ಬಹಳ ಲಗುಲಗು ಬೆಳೆದಿದೆ ಎಂದಳಂತೆ. ಗೆರೆಗಳು ತಲೆಯ ಮೇಲೆ ಹೋದವು. ಲೋಟಾ ಹೋಗಿ ಬಿಂದಿಗೆ ಬಂತು. ಬೇಸಿಗೆಯ ಹೊತ್ತಿಗೆ ನಾನು ಆ ಕೈಯಿಂದ ಯಾತ್ರಿಕರ ಟ್ರಂಕು ಎತ್ತುತ್ತಿದ್ದೆ.

ಮಳೆಗಾಲದ ಕೊನೆಗೆ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈ ಮಡಿಸಿ, ತೋಳನ್ನು ಪಕ್ಕಕ್ಕೆತ್ತಿ ನಿಧಾನವಾಗಿ ಹಿಂದಕ್ಕೆ ದೂಡಿದರು. ಈಜುವವನ ಕೈ ನೀರಿನಿಂದ ಮೇಲೇಳುವ ಭಂಗಿ ಅದು. ನಾನು ಮುಖ ಆಚೆ ತಿರುಗಿಸಿಕೊಂಡೆ.

“ಈ ಕಡೆ ನೋಡಯ್ಯ. ನಾನು ಭುಜ ನೋಡ್ತಿಲ್ಲ, ನಿನ್ನ ಮುಖ ನೋಡ್ತಿದೀನಿ.”

ನೋವಾಗುತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಹಲ್ಲು ಯಾಕೆ ಕಚ್ಚಿದ್ದೀಯಾ ಎಂದರು. ನನಗೇ ಗೊತ್ತಿರಲಿಲ್ಲ. ಅವರು ಕೈ ಬಿಟ್ಟು ನನ್ನ ಎದುರು ಸ್ಟೂಲಿನ ಮೇಲೆ ಕೂತರು.

“ಭುಜ ಗಟ್ಟಿಯಾಗಿದೆ. ನಾಳೆ ಬೇಕಾದ್ರೆ ಹೊಳೆಗೆ ಇಳಿ, ನನ್ನ ಅಡ್ಡಿ ಇಲ್ಲ. ಆದ್ರೆ ಮುಖಕ್ಕೆ ನಾನು ಹೊಲಿಗೆ ಹಾಕೋಕಾಗಲ್ಲ.”

ಎಷ್ಟು ದಿನ ಬೇಕಾಗುತ್ತದೆ ಎಂದು ಕೇಳಿದೆ. ಅದು ನಿನಗೇ ಗೊತ್ತಾಗಬೇಕು ಎಂದರು. ಆಮೇಲೆ ಇನ್ನೇನೋ ಹೇಳಿದರು. ಆ ಜಾಗದಲ್ಲಿ ನಾನು ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಒಳ್ಳೆಯ ಮಾತುಗಳನ್ನು ಇಟ್ಟು ನೋಡಿದ್ದೇನೆ. ನಿಜವಾಗಿ ಹೇಳಿದ್ದು ಬಹುಶಃ ಮುಂದಿನ ರೋಗಿಯನ್ನು ಕಳಿಸು ಎಂದು.

ಇಷ್ಟರಲ್ಲಿ ಚಾಚಾರ ಕಣ್ಣಿಗೆ ಪೊರೆ ಬಂದಿತ್ತು. ಆಚೆ ದಡ ಅವರಿಗೆ ಬರೀ ಬಿಳುಪಾಗಿ ಕಾಣುತ್ತಿತ್ತಂತೆ. ದೀಪಾವಳಿ ಕಳೆದ ಮೇಲೆ ದೋಣಿಯನ್ನು ಅಣ್ಣನ ಮಗನಿಗೆ ಬಿಟ್ಟು ಬಲಿಯಾಕ್ಕೆ, ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಅವರಿಗೆ ಒಂದೇ ಆಸೆ. ಪಂದ್ಯ ಬೇಡ, ಗೆಲ್ಲುವುದು ಬೇಡ. ನಾನು ನೀರಿನಲ್ಲಿ, ಅವರು ಹಿಂದೆ ದೋಣಿಯಲ್ಲಿ, ಒಮ್ಮೆ ಆಚೆ ದಡ ಮುಟ್ಟಬೇಕು. ಯಾಕೆ ಎಂದು ಅವರು ಹೇಳಲಿಲ್ಲ, ನನಗೆ ಗೊತ್ತಿತ್ತು. ಅದಾಗದೆ ಹೋದರೆ ಆ ಬೀಡಿಯನ್ನು ಅವರು ಬಲಿಯಾಕ್ಕೆ ಕೊಂಡೊಯ್ಯಬೇಕಾಗಿತ್ತು.

ಆಗಲಿ ಚಾಚಾ, ನಾಳೆ, ಎಂದೆ. ದಸರೆ ಬಂತು. ನೀರು ಇನ್ನೂ ಕದಡಿದೆ ಎಂದೆ. ನೀರು ತಿಳಿಯಾಯಿತು. ನೆಗಡಿ ಎಂದೆ. ಪರೀಕ್ಷೆ ಎಂದೆ, ಯಾವ ಪರೀಕ್ಷೆಯೂ ಇರಲಿಲ್ಲ. ಪಂದ್ಯ ನಡೆದುಹೋಯಿತು, ನಾನು ಆ ದಿನ ಘಾಟಿಗೇ ಹೋಗಲಿಲ್ಲ, ಯಾರು ಗೆದ್ದರೆಂದು ಇಂದಿಗೂ ಗೊತ್ತಿಲ್ಲ.

ನೀರಿನ ಹೆದರಿಕೆಯಲ್ಲ ಅದು. ಬೆಳಿಗ್ಗೆ ಯಾರೂ ಇಲ್ಲದಾಗ ಒಬ್ಬನೇ ಇಳಿಯುತ್ತಿದ್ದೆ. ನೀರೊಳಗಿನ ಮೆಟ್ಟಿಲು ಮುಗಿದು ಕಾಲಿಗೆ ಕೆಸರು ಸಿಗುವಲ್ಲಿಯವರೆಗೆ, ಕುತ್ತಿಗೆ ಮಟ್ಟದ ನೀರಿನವರೆಗೆ ಹೋಗುತ್ತಿದ್ದೆ. ಅಲ್ಲಿಂದಾಚೆ ಕೈ ಚಾಚು ಎಂದರೆ ಕೈ ಮೈಬಿಟ್ಟು ಹೋಗುತ್ತಿರಲಿಲ್ಲ. ಗೋಡೆಯ ಮುಂದೆ ತಲೆಯ ಮೇಲೆ ಹೋಗುತ್ತಿದ್ದ ಅದೇ ಕೈ, ಟ್ರಂಕು ಎತ್ತಿದ ಕೈ. ಯಾರೂ ಕಟ್ಟದಿದ್ದರೂ ಅದು ತಾನಾಗಿ ಎದೆಗೆ ಬಂದು ಅಂಟಿಕೊಳ್ಳುತ್ತಿತ್ತು. ಭುಜ ಮತ್ತೆ ಕಳಚೀತೆಂಬ ಭಯವೋ? ಹಾಗೆಂದು ಬಹಳ ಕಾಲ ನಂಬಿದ್ದೆ. ಈಗ ಇನ್ನೊಂದು ಅನುಮಾನವಿದೆ. ಕಳಚಿದರೆ ಮತ್ತೆ ಕೂಗಬೇಕಾಗುತ್ತದೆ. ಯಾವ ಮಾತಿನಲ್ಲಿ ಕೂಗುತ್ತೇನೋ ನನಗೆ ತಿಳಿಯದು. ಆ ಕ್ಷಣದ ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಹೋಗಿತ್ತು.

ಅವರು ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾವಿಬ್ಬರೂ ದೋಣಿಯಲ್ಲಿ ನಡುಹೊಳೆಗೆ ಹೋದೆವು. ದಡದಿಂದ ಬೇಡ, ಇಲ್ಲಿಂದ ಇಳಿ, ಅರ್ಧ ಈಜಿದರೆ ಸಾಕು ಎಂದು ಅವರೇ ಏರ್ಪಾಡು ಮಾಡಿದ್ದರು. ಹುಟ್ಟುಗಳನ್ನು ಒಳಗಿಟ್ಟರು. ಬೀಡಿ ತೆಗೆಯಲಿಲ್ಲ. ನಾನು ಅಂಗಿ ತೆಗೆದು ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ. ನೀರು ತಣ್ಣಗಿತ್ತು. ಕೂತೆ. ದೋಣಿ ತಾನಾಗಿ ಸ್ವಲ್ಪ ಕೆಳಕ್ಕೆ ಹರಿದುಹೋಯಿತು. ಅವರು ಅದನ್ನು ಮತ್ತೆ ಮೇಲಕ್ಕೆ ಹುಟ್ಟುಹಾಕಿ ತಂದರು. ಮತ್ತೆ ಕೂತೆ. ಹೀಗೆ ಮೂರು ಸಲ ಆಯಿತೋ ಐದು ಸಲವೋ.

ಆಗ ಚಾಚಾ ಕುರ್ತಾ ತೆಗೆದಿಟ್ಟರು. ಏನು ಮಾಡುತ್ತಿದ್ದಾರೆ ಎಂದು ನನಗೆ ಹೊಳೆಯುವ ಮೊದಲೇ ದೋಣಿಯ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ನೀರಿಗೆ ಇಳಿದುಬಿಟ್ಟಿದ್ದರು. ಒಮ್ಮೆ ಮುಳುಗಿ ಎದ್ದರು. ಬಿಳಿಯ ಪೊರೆಯ ಕಣ್ಣು ನನ್ನ ಕಡೆ, ಆದರೆ ನನಗಿಂತ ಒಂದಿಷ್ಟು ಪಕ್ಕಕ್ಕೆ ನೋಡುತ್ತಿತ್ತು. ಚಳಿಗೆ ದವಡೆ ನಡುಗುತ್ತಿತ್ತು. ಏನೋ ಹೇಳಿದರು. ಕೊನೆಯ ಪದ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಬಾ.”

ಇಲ್ಲಿ ನಾನು ನಿಲ್ಲಬೇಕು. ಒಂದು ವರ್ಷದಿಂದ ನನ್ನೆದುರು ಅವರು ಆ ಪದ ಆಡಿರಲಿಲ್ಲ. ಹಾಗಾದರೆ ಅದು ಕನ್ನಡ. ಅವ್ವನಿಂದ ಕೇಳಿಟ್ಟುಕೊಂಡದ್ದನ್ನು ಅಂದಿಗೆಂದು ಎತ್ತಿಟ್ಟು, ನಾನು ಅವರನ್ನು ಕರೆದ ಜಾಗದಲ್ಲಿ ಅವರು ನನ್ನನ್ನು ಕರೆದರು. ನಾನು ಇದನ್ನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ, ಕೇಳಿದವರ ಕಣ್ಣು ಒದ್ದೆಯಾಗಿದ್ದೂ ಉಂಟು. ಆದರೆ ತಣ್ಣೀರಿಗೆ ಬಿದ್ದ ಮೈ ತನ್ನ ಮನೆಯ ಮಾತಿಗೆ ಓಡುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ‘ಪಾನೀ ಠೀಕ್ ಬಾ’ ಎಂದಿರಬಹುದು. ನೀರು ಚೆನ್ನಾಗಿದೆ, ಅಷ್ಟೇ.

ಯಾವುದೇ ಆಗಿರಲಿ, ನಾನು ಇಳಿಯಲಿಲ್ಲ. ಅವರು ದೋಣಿಯ ಅಂಚು ಹಿಡಿದು ಕಾದರು. ಆ ಹೊತ್ತಿನ ಉದ್ದವನ್ನು ಅಳೆಯಲು ನನ್ನ ಬಳಿ ಬೀಡಿಯೂ ಇರಲಿಲ್ಲ.

ಹತ್ತಲು ಅವರಿಗೆ ಆಗಲಿಲ್ಲ. ನಾನು ಕೈ ಕೊಟ್ಟು ಎಳೆದುಕೊಂಡೆ. ಬಲಗೈ ಕೊಟ್ಟೆ ಎಂದು ಬಹಳ ಜನಕ್ಕೆ ಹೇಳಿದ್ದೇನೆ. ಅಷ್ಟು ಭಾರ ಎಳೆದರೂ ಭುಜ ಅಲುಗಲಿಲ್ಲ, ಅದು ನಮ್ಮಿಬ್ಬರಿಗೂ ಆಗ ಗಮನಕ್ಕೇ ಬರಲಿಲ್ಲ ಎಂದೂ ಸೇರಿಸುತ್ತಿದ್ದೆ. ಚೆನ್ನಾಗಿರುತ್ತದೆ ಹಾಗೆ. ಆದರೆ ದೋಣಿಯ ಯಾವ ಬದಿಯಲ್ಲಿ ಅವರಿದ್ದರು, ನಾನು ಹೇಗೆ ಕೂತಿದ್ದೆ ಎಂದು ಲೆಕ್ಕ ಹಾಕಿದರೆ ಅದು ಎಡಗೈಯೇ. ಬಲಗೈ ದೋಣಿಯ ಹಲಗೆಯನ್ನು ಬಿಗಿಯಾಗಿ ಹಿಡಿದಿತ್ತು.

ದೋಣಿ ತಿರುಗಿಸಿ ದಡಕ್ಕೆ ಬಂದೆವು. ಮೆಟ್ಟಿಲ ಮೇಲೆ ಅವ್ವ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಚಾಚಾ ಘಾಟಿನವರಿಗೆಲ್ಲ ಕೇಳುವ ಹಾಗೆ, ಬಬುವಾ ಅರ್ಧ ಹೊಳೆ ಈಜಿದ, ಭುಜ ಕಬ್ಬಿಣ, ಎಂದರು. ಅವ್ವ ನನ್ನ ಒಣ ತಲೆಯನ್ನು ನೋಡಿದಳು. ಅವರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ನನಗೆಂದು ತಂದಿದ್ದ ಟವೆಲ್ಲನ್ನು ಅವರ ಕೈಗೆ ಕೊಟ್ಟು, “ಒರಸ್ಕೋರಿ” ಎಂದಳು, ಕನ್ನಡದಲ್ಲಿಯೇ. ಅವರಿಗೆ ಅರ್ಥವಾಯಿತು.

ಮರುದಿನ ಅವರು ಹೋದರು. ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಅಣ್ಣನ ಮಗ ನಮ್ಮ ಬಾಗಿಲಿಗೆ ಬಂದು, ಚಾಚಾ ಇನ್ನಿಲ್ಲ ಎಂದ. ಅವರಿಗೆ ಏನಾಗಿತ್ತು ಎಂದು ಅವ್ವ ಕೇಳಿದಳು. ಜ್ವರ ಎಂದ. ನಾನು ಕೆಳಗಿನ ಕೋಣೆಗೆ ಹೋಗಿ ಕೂತೆ. ಗೋಡೆಗೆ ಆ ವರ್ಷ ಸುಣ್ಣ ಬಳಿದಿದ್ದರು, ಗೆರೆಗಳಿರಲಿಲ್ಲ.

ಆ ಶರತ್ಕಾಲದಲ್ಲಿ ನಾನು ಹೊಳೆ ದಾಟಿದೆ. ಯಾವ ಧೈರ್ಯ ಎಲ್ಲಿಂದ ಬಂತೆಂದು ಹೇಳಲಾರೆ, ಬಂದದ್ದು ಧೈರ್ಯವೇ ಎಂದೂ ಹೇಳಲಾರೆ. ಒಂದು ಬೆಳಿಗ್ಗೆ ಕೆಸರಿನಾಚೆ ಕೈ ಚಾಚಿದೆ, ಅದು ಹೋಯಿತು. ಹಿಂದೆ ಅದೇ ದೋಣಿಯಲ್ಲಿ ಅಣ್ಣನ ಮಗ. ಅವನು ಕಡಿಮೆ ಮಾತಿನವನು. ನಡುಹೊಳೆಯಲ್ಲಿ ನಾನು ಯಾಕೋ ನಿಧಾನವಾದೆ. ಅವನು ‘ಠೀಕ್ ಬಾ?’ ಎಂದು ಕೇಳಲಿಲ್ಲ.

ನಾನೇ “ಬಾ” ಎಂದೆ.

ಏನು ಎಂದು ಅವನು ಕೂಗಿ ಕೇಳಿದ. ಏನಿಲ್ಲ ಎಂದೆ. ಭುಜ ಗಟ್ಟಿಯಾಗಿತ್ತು. ಆಚೆ ದಡದ ಮರಳಿಗೆ ಇನ್ನೂ ಅರ್ಧ ದೂರವಿತ್ತು.